ಟೆಲಿಸ್ಕೋಪಿನಲ್ಲಿ ಓರಿಯನ್ ನೀಹಾರಿಕೆ ಬರೀ ಬೂದು ಹೊಗೆ ಥರ ಕಾಣುತ್ತಿದೆ, ತಪ್ಪು ಎಲ್ಲಿದೆ?

ಹೊಸಕಣ್ಣು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಎರಡು ತಿಂಗಳ ಹಿಂದೆ ನನ್ನ ಮೊದಲ ಟೆಲಿಸ್ಕೋಪ್ ತೆಗೆದುಕೊಂಡೆ. 130 ಮಿಲಿಮೀಟರ್ ಕನ್ನಡಿಯ ನ್ಯೂಟೋನಿಯನ್, ಫೋಕಲ್ ಲೆಂತ್ 650 ಮಿಲಿಮೀಟರ್. ಜೊತೆಗೆ 25 ಮತ್ತು 10 ಮಿಲಿಮೀಟರಿನ ಎರಡು ಐಪೀಸ್ (ಕಣ್ಣಿಟ್ಟು ನೋಡುವ ಮಸೂರ), ಪಟ್ಟನ್ನು ದುಪ್ಪಟ್ಟು ಮಾಡುವ ಒಂದು 2ಎಕ್ಸ್ ಬಾರ್ಲೋ ಮಸೂರ ಬಂದಿತ್ತು. ಚಂದ್ರನನ್ನು ನೋಡಿದೆ, ಗುರುವಿನ ನಾಲ್ಕು ಉಪಗ್ರಹ ನೋಡಿದೆ. ತುಂಬಾ ಖುಷಿಯಾಯಿತು.

ಆದರೆ ನಾನು ಟೆಲಿಸ್ಕೋಪ್ ಕೊಂಡಿದ್ದೇ ನೀಹಾರಿಕೆಗಳನ್ನು, ಅಂದರೆ ಆಕಾಶದ ಅನಿಲ, ಧೂಳಿನ ಮೋಡಗಳನ್ನು ನೋಡಬೇಕು ಅಂತ. ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರ ಹಿಡಿದು ಕೆಳಗೆ ಬಂದು, ಓರಿಯನ್ ನೀಹಾರಿಕೆ ಅಂದರೆ ಎಂ 42 ಹುಡುಕಿದೆ. ಸಿಕ್ಕಿತು. ಸಿಕ್ಕಿದ್ದು ಏನು ಅಂದರೆ ಕನ್ನಡಿ ಮೇಲೆ ಉಸಿರು ಬಿಟ್ಟ ಹಾಗೆ ಒಂದು ಬೂದು ಮಬ್ಬು. ಚೆನ್ನಾಗಿ ಕಾಣಲಿ ಅಂತ 10ರ ಐಪೀಸ್ ಹಾಕಿದೆ, ಆಮೇಲೆ ಅದಕ್ಕೆ ಬಾರ್ಲೋ ಸೇರಿಸಿದೆ, ಇನ್ನೂ ಮಂಕಾಯಿತು. ಕೃತ್ತಿಕೆಗೆ ತಿರುಗಿಸಿದರೆ ನಾಲ್ಕೈದು ನಕ್ಷತ್ರ ಅಲ್ಲೊಂದು ಇಲ್ಲೊಂದು ಕಂಡವು, ಗುಂಪು ಅನ್ನಿಸಲೇ ಇಲ್ಲ. ಬರೀ ಕಣ್ಣಲ್ಲೇ ಅದು ಇದಕ್ಕಿಂತ ಚೆಂದ ಕಾಣುತ್ತದೆ.

ಪೆಟ್ಟಿಗೆ ಮೇಲೆ ಕೆಂಪು, ನೇರಳೆ ಬಣ್ಣದ ಚಿತ್ರ ಇತ್ತು. ಹಾಗೆಯೇ ಕಾಣಬೇಕು ಅಂತ ನಾನು ಅಂದುಕೊಂಡಿರಲಿಲ್ಲ, ಆದರೆ ಏನಾದರೂ ಒಂದು ಬಣ್ಣ ಇರುತ್ತದೆ ಅಂದುಕೊಂಡಿದ್ದೆ. ಕನ್ನಡಿ ಸರಿಯಿಲ್ಲವಾ? ಅಥವಾ ಇದಕ್ಕಿಂತ ದೊಡ್ಡದು ಬೇಕಾ? ಮೂರು ರಾತ್ರಿ ಹೀಗೇ ಆಯಿತು. ಮನಸ್ಸು ಸ್ವಲ್ಪ ಕುಗ್ಗಿದೆ, ನಿಜ ಹೇಳುತ್ತಿದ್ದೇನೆ.

ಕೃತ್ತಿಕೆಪ್ರಿಯೆ:

ನಿಮ್ಮ ಟೆಲಿಸ್ಕೋಪ್ ಸರಿಯಾಗೇ ಇದೆ. ಗುರುವಿನ ಉಪಗ್ರಹಗಳು ಚುಕ್ಕಿಯಾಗಿ ಕಂಡವು ಅಂದರೆ ಕನ್ನಡಿಗೆ ದೊಡ್ಡ ತೊಂದರೆ ಏನಿಲ್ಲ. ಜಾಸ್ತಿ ದೊಡ್ಡದು ಮಾಡಿ ನೋಡಿದಿರಿ, ಆಗಿದ್ದು ಇಷ್ಟೇ. ಚಂದ್ರ, ಗ್ರಹ ನೋಡಿ ಬಂದ ಎಲ್ಲರೂ ಮೊದಲು ಮಾಡುವುದು ಇದನ್ನೇ. ಅಲ್ಲಿ ದೊಡ್ಡದು ಮಾಡಿದಷ್ಟೂ ವಿವರ ಸಿಗುತ್ತದೆ, ಇಲ್ಲಿ ಉಲ್ಟಾ.

ಲೆಕ್ಕ ನೋಡಿ. 650ನ್ನು 25ರಿಂದ ಭಾಗಿಸಿದರೆ 26 ಪಟ್ಟು. 10ರ ಐಪೀಸಿಗೆ 65 ಪಟ್ಟು, ಬಾರ್ಲೋ ಸೇರಿದರೆ 130 ಪಟ್ಟು. ಐಪೀಸಿನಿಂದ ಹೊರಬಂದು ಕಣ್ಣಿಗೆ ಸೇರುವ ಬೆಳಕಿನ ಕಂಬಿಯ ಅಗಲ ಎಷ್ಟು ಅಂತ ತಿಳಿಯಬೇಕಾದರೆ ಕನ್ನಡಿಯ ಅಗಲವನ್ನು ಈ ಪಟ್ಟಿನಿಂದ ಭಾಗಿಸಬೇಕು. 26 ಪಟ್ಟಿಗೆ ಅದು 5 ಮಿಲಿಮೀಟರ್. 130 ಪಟ್ಟಿಗೆ ಬರೀ 1 ಮಿಲಿಮೀಟರ್. ಅಗಲ ಐದನೇ ಒಂದು ಆದರೆ ವಿಸ್ತೀರ್ಣ ಇಪ್ಪತ್ತೈದನೇ ಒಂದು. ಅಂದರೆ ನೀವು ಬಾರ್ಲೋ ಹಾಕಿದಾಗ ನೀಹಾರಿಕೆಯ ಒಂದೊಂದು ಚೂರೂ 25 ಪಟ್ಟು ಮಂಕಾಯಿತು. ಅದೇ ಬೆಳಕು, ಅಷ್ಟು ದೊಡ್ಡ ಜಾಗಕ್ಕೆ ತೆಳ್ಳಗೆ ಬಳಿದ ಹಾಗೆ.

ಇನ್ನೊಂದು, 130 ಪಟ್ಟಿನಲ್ಲಿ ನಿಮಗೆ ಕಾಣುವ ಆಕಾಶ ಹುಣ್ಣಿಮೆ ಚಂದ್ರನ ಅಗಲಕ್ಕಿಂತ ಕಡಿಮೆ. ಎಂ 42 ಚಂದ್ರನ ಎರಡು ಪಟ್ಟು ಅಗಲ ಇದೆ. ಕೃತ್ತಿಕೆಯಂತೂ ನಾಲ್ಕು ಚಂದ್ರ ಸಾಲಾಗಿ ಇಟ್ಟಷ್ಟು. ಗೋಡೆ ತುಂಬಾ ಇರುವ ಚಿತ್ರಕ್ಕೆ ಮೂಗು ತಾಗಿಸಿ ನಿಂತರೆ ಏನು ಕಾಣುತ್ತದೆ ಹೇಳಿ.

25ರ ಐಪೀಸ್ ಹಾಕಿ. ಅದನ್ನು ತೆಗೆಯಲೇ ಬೇಡಿ, ಕನಿಷ್ಠ ಒಂದು ವಾರ. ಕೃತ್ತಿಕೆ ಪೂರ್ತಿ ಒಳಗೆ ಕೂರುತ್ತದೆ, ಅಂಚಿನಲ್ಲಿ ಒಂಚೂರು ಜಾಗ ಮಾತ್ರ ಉಳಿಯುತ್ತದೆ. ಗೆಲಿಲಿಯೊ ತನ್ನ ಪುಟ್ಟ ದೂರದರ್ಶಕದಲ್ಲಿ ಇದನ್ನೇ ನೋಡಿ, ಬರೀ ಕಣ್ಣಿಗೆ ಕಾಣುವ ಆರರ ಜೊತೆ ಇನ್ನೂ 36 ನಕ್ಷತ್ರ ಸೇರಿಸಿ ಚಿತ್ರ ಬರೆದ. 1610ರಲ್ಲಿ ಅದು ಅಚ್ಚಾಯಿತು. ನಿಮ್ಮದು ಅವನದಕ್ಕಿಂತ ಎಷ್ಟೋ ದೊಡ್ಡದು. ಒಂದು ರಾತ್ರಿ ಕೂತು ಎಣಿಸಿ ನೋಡಿ, ನಾನು ಎಣಿಸಿದ್ದೇನೆ, ಬಹಳ ಒಳ್ಳೆಯ ಕೆಲಸ ಅದು.

ಕನ್ನಡಿ ತಿಕ್ಕುವವನು:

ಮೇಲಿನವರು ಹೇಳಿದ್ದು ಪೂರ್ತಿ ಸರಿ. ನಾನು ಬಣ್ಣದ ವಿಷಯ ಹೇಳುತ್ತೇನೆ, ಯಾಕೆಂದರೆ ಬೇಸರ ಇರುವುದು ಅಲ್ಲೇ ಅನ್ನಿಸುತ್ತದೆ.

ನಮ್ಮ ಕಣ್ಣಿನ ಹಿಂಪರದೆಯಲ್ಲಿ ಎರಡು ಥರದ ಕೋಶಗಳಿವೆ. ಶಂಕುಗಳು ಬಣ್ಣ ಗುರುತಿಸುತ್ತವೆ, ಆದರೆ ಅವಕ್ಕೆ ಜಾಸ್ತಿ ಬೆಳಕು ಬೇಕು. ಕಡ್ಡಿಗಳು ಬಹಳ ಕಡಿಮೆ ಬೆಳಕಿನಲ್ಲೂ ಕೆಲಸ ಮಾಡುತ್ತವೆ, ಆದರೆ ಬಣ್ಣ ಹೇಳಲಾರವು. ನೀಹಾರಿಕೆ ನೋಡುವಾಗ ದುಡಿಯುವುದು ಕಡ್ಡಿಗಳೇ. ಆದ್ದರಿಂದ ಬೂದು. ಫೋಟೊಗಳಲ್ಲಿ ಕಾಣುವ ಕೆಂಪು ಹೈಡ್ರೋಜನ್ ಅನಿಲದ್ದು, ಅದರ ಅಲೆಯ ಉದ್ದ 656 ನ್ಯಾನೊಮೀಟರ್. ಕಡ್ಡಿಗಳಿಗೆ ಆ ಕೆಂಪು ಹೆಚ್ಚು ಕಡಿಮೆ ಕತ್ತಲೆಯೇ. ಕ್ಯಾಮೆರಾ ಬೇಕಾದರೆ ನಿಮಿಷಗಟ್ಟಲೆ ಬೆಳಕು ಕೂಡಿಡುತ್ತದೆ, ಕಣ್ಣು ಒಂದು ಕ್ಷಣಕ್ಕಿಂತ ಜಾಸ್ತಿ ಕೂಡಿಡುವುದಿಲ್ಲ.

ಹಾಗಾದರೆ ನಿಮಗೆ ಕಂಡ ಆ ಬೂದು ಬೆಳಕು ಯಾವುದು? ನನಗೆ ತುಂಬಾ ಇಷ್ಟವಾದ ಸಂಗತಿ ಇದು. ಅದರಲ್ಲಿ ದೊಡ್ಡ ಪಾಲು ಆಮ್ಲಜನಕದ್ದು. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ 496 ಮತ್ತು 501 ನ್ಯಾನೊಮೀಟರಿನಲ್ಲಿ ಹಸಿರು ಬೆಳಕು ಬಿಡುತ್ತದೆ. ಕಡ್ಡಿಗಳು ಅತಿ ಚುರುಕಾಗಿರುವುದೂ 500ರ ಆಸುಪಾಸಿನಲ್ಲೇ. 1864ರಲ್ಲಿ ಖಗೋಳಜ್ಞ ವಿಲಿಯಂ ಹಗಿನ್ಸ್ ಡ್ರೇಕೊ ಪುಂಜದ ಒಂದು ನೀಹಾರಿಕೆಗೆ ಸ್ಪೆಕ್ಟ್ರೋಸ್ಕೋಪ್, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಸಾಧನ ಹಿಡಿದ. ಅಲ್ಲಿಯವರೆಗೆ ಇವೆಲ್ಲ ದೂರದ ನಕ್ಷತ್ರಗಳ ಗುಂಪೋ ಅಥವಾ ನಿಜವಾಗಿ ಅನಿಲವೋ ಅಂತ ಯಾರಿಗೂ ಖಚಿತ ಇರಲಿಲ್ಲ. ಅವನಿಗೆ ಕಾಮನಬಿಲ್ಲಿನ ಪಟ್ಟಿ ಕಾಣಲಿಲ್ಲ, ಹೊಳೆಯುವ ಗೆರೆಗಳು ಕಂಡವು, ಅಂದರೆ ಅನಿಲ. ಆದರೆ ಮುಖ್ಯವಾದ ಹಸಿರು ಗೆರೆ ಭೂಮಿಯ ಯಾವ ವಸ್ತುವಿಗೂ ಹೊಂದಲಿಲ್ಲ. ಹೊಸ ಮೂಲವಸ್ತು ಇರಬೇಕು ಅಂತ ‘ನೆಬ್ಯುಲಿಯಂ’ ಎಂಬ ಹೆಸರನ್ನೂ ಇಟ್ಟರು. 1927ರಲ್ಲಿ ಐರಾ ಬೋವೆನ್ ಅದು ಆಮ್ಲಜನಕವೇ ಅಂತ ತೋರಿಸಿದ. ಇಲ್ಲಿನ ಗಾಳಿಯಲ್ಲಿ ಅಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಲೇ ಇರುತ್ತವೆ, ಆ ಬೆಳಕು ಹೊರಬರಲು ಪುರುಸೊತ್ತೇ ಸಿಗುವುದಿಲ್ಲ. ನೀಹಾರಿಕೆ ಅಷ್ಟು ತೆಳು, ಅದಕ್ಕೇ ಅಲ್ಲಿ ಬರುತ್ತದೆ.

ಅರವತ್ತು ವರ್ಷ ಎಲ್ಲರನ್ನೂ ಕಾಡಿದ ಆ ಬೆಳಕು 1,350 ಜ್ಯೋತಿರ್ವರ್ಷ ದಾಟಿ ನೇರವಾಗಿ ನಿಮ್ಮ ಕಣ್ಣಿಗೇ ಬಿದ್ದಿದೆ. ಎಂ 42ರ ನಡುಭಾಗ ಸಾಕಷ್ಟು ಪ್ರಕಾಶ ಇರುವುದರಿಂದ ಕೆಲವರಿಗೆ ಅಲ್ಲಿ ತಿಳಿ ಹಸಿರು ಛಾಯೆ ಕಾಣುತ್ತದೆ. ನನಗೆ ದೊಡ್ಡ ಕನ್ನಡಿಯಲ್ಲಿ ಕಾಣುತ್ತದೆ, ಚಿಕ್ಕದರಲ್ಲಿ ಇಲ್ಲ.

ಹೊಸಕಣ್ಣು:

ಇಬ್ಬರಿಗೂ ತುಂಬಾ ಧನ್ಯವಾದ. ಆಮ್ಲಜನಕದ ವಿಷಯ ಓದಿ ಎರಡು ಸಲ ಹಿಂದೆ ಹೋಗಿ ಓದಿದೆ. ಒಂದು ಮಾತ್ರ ಅರ್ಥ ಆಗಲಿಲ್ಲ. ಟೆಲಿಸ್ಕೋಪ್ ಬೆಳಕು ಜಾಸ್ತಿ ಹಿಡಿಯುತ್ತದೆ ಅಂತಾರೆ. ಹಾಗಾದರೆ ಕಡಿಮೆ ಪಟ್ಟಿನಲ್ಲಾದರೂ ನೀಹಾರಿಕೆ ಫಳಫಳ ಅನ್ನಬೇಕಲ್ವಾ?

ಕನ್ನಡಿ ತಿಕ್ಕುವವನು:

ಒಳ್ಳೆಯ ಪ್ರಶ್ನೆ. ಉತ್ತರ ಮೊದಲು ಕೇಳಿದಾಗ ನಂಬಿಕೆ ಬರುವುದಿಲ್ಲ, ನನಗೂ ಬಂದಿರಲಿಲ್ಲ.

ಕತ್ತಲಲ್ಲಿ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರ್ ಅಗಲ ಆಗುತ್ತದೆ ಅಂತಿಟ್ಟುಕೊಳ್ಳಿ. ನಿಮ್ಮ ಕನ್ನಡಿ 130. ಹಾಗಾಗಿ ಅದು ಕಣ್ಣಿಗಿಂತ ಸುಮಾರು 345 ಪಟ್ಟು ಬೆಳಕು ಹಿಡಿಯುತ್ತದೆ. ಆದರೆ 26 ಪಟ್ಟು ದೊಡ್ಡದು ಮಾಡಿದಾಗ ನೀಹಾರಿಕೆಯ ವಿಸ್ತೀರ್ಣ 26ರ ವರ್ಗ, ಅಂದರೆ 676 ಪಟ್ಟು ಆಯಿತು. 345 ಪಟ್ಟು ಬೆಳಕು 676 ಪಟ್ಟು ಜಾಗಕ್ಕೆ ಹಂಚಿಹೋಯಿತು. ಚೂರಿನ ಲೆಕ್ಕದಲ್ಲಿ ಬರೀ ಕಣ್ಣಿಗೆ ಕಾಣುವುದರ ಅರ್ಧ ಪ್ರಕಾಶ. ಎಷ್ಟೇ ದೊಡ್ಡ ಟೆಲಿಸ್ಕೋಪ್ ತಂದರೂ ಹರಡಿಕೊಂಡ ವಸ್ತುವಿನ ಚೂರಿನ ಪ್ರಕಾಶ ಬರೀ ಕಣ್ಣಿಗಿಂತ ಜಾಸ್ತಿ ಆಗಲ್ಲ.

ಹಾಗಾದರೆ ಲಾಭ ಏನು? ಅಷ್ಟೇ ಮಂಕಾಗಿದ್ದು, ದೊಡ್ಡದಾಗಿ ಕಾಣುತ್ತದೆ. ಮಂಕಾದ ವಸ್ತು ಚಿಕ್ಕದಾಗಿದ್ದರೆ ಕಡ್ಡಿಗಳಿಗೆ ತಿಳಿಯುವುದೇ ಇಲ್ಲ, ದೊಡ್ಡದಾಗಿದ್ದರೆ ತಿಳಿಯುತ್ತದೆ. ದೊಡ್ಡ ಕನ್ನಡಿ ಕೊಡುವುದು ಇದನ್ನೇ: ಪ್ರಕಾಶ ಕಳೆದುಕೊಳ್ಳದೆ ಇನ್ನಷ್ಟು ದೊಡ್ಡದು ಮಾಡುವ ಅವಕಾಶ. ನಕ್ಷತ್ರಗಳ ಮಾತು ಬೇರೆ. ಅವು ಚುಕ್ಕಿಗಳು, ಹರಡುವುದಿಲ್ಲ, ಹಿಡಿದ ಬೆಳಕೆಲ್ಲ ಒಂದೇ ಕಡೆ ಬೀಳುತ್ತದೆ. ಅದಕ್ಕೇ ನಕ್ಷತ್ರಗಳಲ್ಲಿ ನೀಲಿ, ಕಿತ್ತಳೆ ಬಣ್ಣ ಸುಲಭವಾಗಿ ಕಾಣುತ್ತದೆ.

ಆದ್ದರಿಂದ ನೀಹಾರಿಕೆ ಕಾಣುವುದು ಬಿಡುವುದು ಎಲ್ಲ ಹಿಂದಿನ ಆಕಾಶ ಎಷ್ಟು ಕಪ್ಪಗಿದೆ ಅನ್ನುವುದರ ಮೇಲೆ. ನಗರದ ಬೆಳಕಿನಲ್ಲಿ ದೊಡ್ಡ ಕನ್ನಡಿ ಆಕಾಶದ ಬೆಳಕನ್ನೂ ಅಷ್ಟೇ ಹಿಡಿಯುತ್ತದೆ.

ಬಡಗಣ ಕಿಟಕಿ:

ಇಷ್ಟೆಲ್ಲ ಯಾಕೆ, ಒಂದು ಯುಎಚ್‌ಸಿ ಫಿಲ್ಟರ್ ತಗೊಳ್ಳಿ. ನಾನು ಪೇಟೆ ಮಧ್ಯದ ತಾರಸಿಯಿಂದ ನೋಡುವವನು. ಫಿಲ್ಟರ್ ಹಾಕಿದ ದಿನ ಎಂ 42ರ ಎರಡು ರೆಕ್ಕೆ ಮೊದಲ ಸಲ ಕಂಡವು. ಡಂಬ್‌ಬೆಲ್ ನೀಹಾರಿಕೆ, ಎಂ 27, ಇಲ್ಲಿಂದ ಇಲ್ಲವೇ ಇಲ್ಲ ಅಂದುಕೊಂಡಿದ್ದೆ. ಆಮ್ಲಜನಕದ ಗೆರೆಗಳನ್ನು ಮಾತ್ರ ಬಿಡುವ ಓ-ತ್ರೀ ಫಿಲ್ಟರಿನಲ್ಲಿ ಎದ್ದು ನಿಂತಿತು.

ಕೃತ್ತಿಕೆಪ್ರಿಯೆ:

ಫಿಲ್ಟರ್ ಒಳ್ಳೆಯದೇ, ನನ್ನ ಹತ್ತಿರವೂ ಇದೆ, ಆದರೆ ಈಗಲೇ ಬೇಡ ಅನ್ನುತ್ತೇನೆ. ಕಾರಣ ಹೇಳುತ್ತೇನೆ. ಫಿಲ್ಟರ್ ಏನನ್ನೂ ಪ್ರಕಾಶ ಮಾಡುವುದಿಲ್ಲ. ಆಮ್ಲಜನಕ, ಹೈಡ್ರೋಜನ್ ಗೆರೆಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ತಡೆಯುತ್ತದೆ. ಹೊಳೆಯುವ ಅನಿಲಕ್ಕೆ ಮಾತ್ರ ಉಪಯೋಗ. ನಕ್ಷತ್ರಗುಚ್ಛಕ್ಕೆ ಹಾಕಿದರೆ ನಕ್ಷತ್ರಗಳೇ ಮಂಕಾಗುತ್ತವೆ. ಕೃತ್ತಿಕೆಯ ಸುತ್ತ ಇರುವ ಮಬ್ಬಿಗೂ ಆಗಲ್ಲ, ಅದು ಧೂಳು, ನಕ್ಷತ್ರದ ಬೆಳಕನ್ನೇ ಪ್ರತಿಫಲಿಸುತ್ತದೆ. ಬೀದಿದೀಪಗಳು ಬಿಳಿ ಎಲ್‌ಇಡಿ ಆದ ಮೇಲೆ ಫಿಲ್ಟರಿನ ಬಲ ಮೊದಲಿನಷ್ಟಿಲ್ಲ, ಆ ಬಿಳಿ ಬೆಳಕು ಎಲ್ಲ ಅಲೆಗಳಲ್ಲೂ ಸ್ವಲ್ಪ ಸ್ವಲ್ಪ ಇರುತ್ತದೆ.

ಅದಕ್ಕೂ ಮುಖ್ಯವಾಗಿ, ಕತ್ತಲಿಗೆ ಒಗ್ಗದ ಕಣ್ಣಿಗೆ ಫಿಲ್ಟರ್ ಕೊಟ್ಟು ಪ್ರಯೋಜನ ಇಲ್ಲ. ಹೊಸಕಣ್ಣು ಅವರೇ, ಹೊರಗೆ ಹೋಗಿ ಎಷ್ಟು ಹೊತ್ತಿಗೆ ನೋಡಲು ಶುರು ಮಾಡುತ್ತೀರಿ? ಮಧ್ಯೆ ಮೊಬೈಲ್ ನೋಡುತ್ತೀರಾ?

ಹೊಸಕಣ್ಣು:

ಹೊರಗೆ ಹೋದ ತಕ್ಷಣ. ಮೊಬೈಲ್ ನೋಡುತ್ತೇನೆ, ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ಅದರಲ್ಲೇ ಇರುವುದು. ಬಾಲ್ಕನಿ ದೀಪ ಆರಿಸಿರುತ್ತೇನೆ, ಆದರೆ ಎದುರು ಕಟ್ಟಡದ ದೀಪ ನೇರ ಮುಖಕ್ಕೆ ಬರುತ್ತದೆ.

ಕೃತ್ತಿಕೆಪ್ರಿಯೆ:

ಸಿಕ್ಕಿತು ನೋಡಿ.

ಪಾಪೆ ಬೇಗ ದೊಡ್ಡದಾಗುತ್ತದೆ. ಆದರೆ ಕಡ್ಡಿಗಳಲ್ಲಿ ಬೆಳಕಿಗೆ ಸ್ಪಂದಿಸುವ ರಾಸಾಯನಿಕ ಮತ್ತೆ ತುಂಬಿಕೊಳ್ಳಲು 20ರಿಂದ 30 ನಿಮಿಷ ಬೇಕು. ಅದಾದ ಮೇಲೂ ನಿಧಾನಕ್ಕೆ ಸುಧಾರಿಸುತ್ತಲೇ ಇರುತ್ತದೆ. ಮೊಬೈಲನ್ನು ಒಮ್ಮೆ ನೋಡಿದರೆ ಆ ಅರ್ಧ ಗಂಟೆ ಹೋಯಿತು, ಮತ್ತೆ ಮೊದಲಿಂದ. ಆದ್ದರಿಂದ ಏನು ನೋಡಬೇಕು, ಹೇಗೆ ತಲುಪಬೇಕು ಅಂತ ಒಳಗೇ ಕೂತು ಹಾಳೆ ಮೇಲೆ ಬರೆದುಕೊಂಡು ಹೋಗಿ. ಅದನ್ನು ಓದಲು ಮಂದ ಕೆಂಪು ದೀಪ. ಎದುರಿನ ದೀಪಕ್ಕೆ ಒಂದು ಕಪ್ಪು ಬಟ್ಟೆ ಸಾಕು, ತಲೆ ಮತ್ತು ಐಪೀಸ್ ಎರಡೂ ಮುಚ್ಚುವ ಹಾಗೆ ಹೊದ್ದುಕೊಳ್ಳಿ. ಬೇರೆಯವರು ನೋಡಿದರೆ ವಿಚಿತ್ರ ಅನ್ನಿಸಬಹುದು, ಅನ್ನಿಸಲಿ ಬಿಡಿ.

ಆ ಅರ್ಧ ಗಂಟೆ ಟೆಲಿಸ್ಕೋಪಿಗೂ ಬೇಕು. ಮನೆಯೊಳಗಿನ ಬಿಸಿ ಕನ್ನಡಿಯಲ್ಲಿ ಉಳಿದಿದ್ದರೆ ಕೊಳವೆಯೊಳಗೆ ಗಾಳಿ ಕುದಿಯುತ್ತದೆ, ನಕ್ಷತ್ರಗಳು ಊದಿಕೊಳ್ಳುತ್ತವೆ.

ಇನ್ನು ನೋಡುವ ರೀತಿ. ಮಂಕಾದ ವಸ್ತುವನ್ನು ನೇರ ನೋಡಬಾರದು. ಹಿಂಪರದೆಯ ನಟ್ಟನಡುವೆ ಕಡ್ಡಿಗಳಿಲ್ಲ, ಬರೀ ಶಂಕುಗಳು. ವಸ್ತುವಿನ ಮೇಲೆ ಗಮನ ಇಟ್ಟು ನೋಟವನ್ನು ಮಾತ್ರ ಪಕ್ಕಕ್ಕೆ ಸರಿಸಿ. ಬಲಗಣ್ಣಿನಲ್ಲಿ ನೋಡುತ್ತಿದ್ದರೆ ನೋಟ ಬಲಕ್ಕೆ ಹೋಗಬೇಕು, ವಸ್ತು ಮೂಗಿನ ಕಡೆ ಉಳಿಯಬೇಕು. ಎಡಗಣ್ಣಾದರೆ ಎಡಕ್ಕೆ. ಉಲ್ಟಾ ಮಾಡಿದರೆ ಕುರುಡು ಚುಕ್ಕೆಗೆ ಬಿದ್ದು ಮಾಯವಾಗಿಬಿಡುತ್ತದೆ. ಕೊಳವೆಯನ್ನು ಬೆರಳಿಂದ ಮೆಲ್ಲಗೆ ತಟ್ಟಿ. ಅಲುಗುವ ಮಬ್ಬು ನಿಂತ ಮಬ್ಬಿಗಿಂತ ಬೇಗ ಕಣ್ಣಿಗೆ ಬೀಳುತ್ತದೆ. ಕುರ್ಚಿ ಹಾಕಿ ಕೂತು ನೋಡಿ. ಬಗ್ಗಿ ನಿಂತು ನೋಡುವಾಗ ಕುತ್ತಿಗೆ ನೋವಿನಲ್ಲೇ ಅರ್ಧ ಗಮನ ಹೋಗಿರುತ್ತದೆ.

ಮತ್ತು ಅಮಾವಾಸ್ಯೆ ಹತ್ತಿರ ಬರಲಿ. ಚಂದ್ರ ಇರುವ ರಾತ್ರಿ ನೀಹಾರಿಕೆ ಹುಡುಕಿ ಸುಮ್ನೆ ಬೇಜಾರು ಮಾಡಿಕೊಳ್ಳಬೇಡಿ. ಸಾಧ್ಯವಾದರೆ ಒಂದೇ ಒಂದು ರಾತ್ರಿ ದೀಪಗಳಿಲ್ಲದ ಜಾಗಕ್ಕೆ ಟೆಲಿಸ್ಕೋಪ್ ಒಯ್ಯಿರಿ.

ಆ ದಿನ ಎಂ 42 ಒಂದನ್ನೇ ನೋಡಿ ಬರಬೇಡಿ. ಲುಬ್ಧಕದಿಂದ 4 ಡಿಗ್ರಿ ದಕ್ಷಿಣಕ್ಕೆ ಎಂ 41 ಇದೆ, ಹುಣ್ಣಿಮೆ ಚಂದ್ರನಷ್ಟು ಅಗಲದ ಗುಚ್ಛ. ಅದರ ನಡುವಿನ ಕಿತ್ತಳೆ ನಕ್ಷತ್ರ ನೋಡಿ, ನಿಮಗೆ ಬೇಕಿದ್ದ ಬಣ್ಣ ಅಲ್ಲಿದೆ. ಮಿಥುನದ ಕಾಲಿನ ಹತ್ತಿರ ಎಂ 35. ಅದರ ಪಕ್ಕದಲ್ಲೇ ಒಂದು ಪುಟ್ಟ ಮಬ್ಬು ಸಿಕ್ಕರೆ ನನಗೆ ಬರೆದು ತಿಳಿಸಿ. ಅದು ಎನ್‌ಜಿಸಿ 2158, ಅದೂ ಗುಚ್ಛವೇ, ಆದರೆ ಎಂ 35ಕ್ಕಿಂತ ನಾಲ್ಕೈದು ಪಟ್ಟು ದೂರ. ಹತ್ತಿರದ ಕಾಡಿನ ಹಿಂದೆ ದೂರದ ಕಾಡು ಕಂಡ ಹಾಗೆ. ಅದನ್ನು ನೋಡಿದ ರಾತ್ರಿ ಆಕಾಶಕ್ಕೆ ಆಳ ಇದೆ ಅಂತ ನನಗೆ ಮೊದಲ ಸಲ ಅನ್ನಿಸಿತ್ತು.

ಕನ್ನಡಿ ತಿಕ್ಕುವವನು:

ಒಂದು ಸೇರಿಸುತ್ತೇನೆ. ಒಂದು ಪುಸ್ತಕ, ಪೆನ್ಸಿಲ್ ಇಟ್ಟುಕೊಂಡು ಕಂಡದ್ದನ್ನು ಬಿಡಿಸಿ. ಚಿತ್ರ ಚೆನ್ನಾಗಿ ಬರಬೇಕು ಅಂತೇನಿಲ್ಲ. ಬಿಡಿಸುವಾಗ ‘ಈ ಅಂಚು ಎಲ್ಲಿ ಮುಗಿಯುತ್ತದೆ’ ಅಂತ ಕಣ್ಣು ತಾನೇ ಹುಡುಕುತ್ತದೆ. ಹತ್ತು ನಿಮಿಷದ ನಂತರ ಮೊದಲ ನಿಮಿಷದಲ್ಲಿ ಇಲ್ಲದ್ದು ಕಾಣುತ್ತದೆ.

ಬಾರ್ಲೋವನ್ನು ಎಸೆಯಬೇಡಿ. ಆಮೇಲೆ ಹರ್ಕ್ಯುಲಿಸ್ ಪುಂಜದ ಎಂ 13 ಬರುತ್ತದೆ, ಲಕ್ಷಗಟ್ಟಲೆ ನಕ್ಷತ್ರ ಉಂಡೆ ಕಟ್ಟಿದ ಗೋಳಗುಚ್ಛ. ಈ ‘ಎಂ’ ಪಟ್ಟಿ ಮಾಡಿದ ಮೆಸ್ಸಿಯೆ ಅದನ್ನು ನಕ್ಷತ್ರಗಳಿಲ್ಲದ ನೀಹಾರಿಕೆ ಅಂತಲೇ ಬರೆದಿಟ್ಟ, ಅವನ ಸಾಧನದಲ್ಲಿ ಅಷ್ಟೇ ಕಂಡಿದ್ದು. ಕತ್ತಲ ಜಾಗದಲ್ಲಿ 130 ಪಟ್ಟು ಹಾಕಿದರೆ ನಿಮಗೆ ಅದರ ಅಂಚಿನ ನಕ್ಷತ್ರಗಳು ಬಿಡಿಬಿಡಿಯಾಗಿ ಕಾಣಬೇಕು. ಅಲ್ಲಿ ದೊಡ್ಡದು ಮಾಡಿದರೆ ಹಿನ್ನೆಲೆ ಕಪ್ಪಾಗುತ್ತದೆ, ಚುಕ್ಕಿಗಳು ಹಾಗೇ ಉಳಿಯುತ್ತವೆ. ಅಭಿಜಿತ್ ನಕ್ಷತ್ರದ ಹತ್ತಿರದ ಉಂಗುರ ನೀಹಾರಿಕೆ, ಎಂ 57, ಅದಕ್ಕೂ ಹೀಗೇ ಜಾಸ್ತಿ ಪಟ್ಟು ಬೇಕು. 26 ಪಟ್ಟಿನಲ್ಲಿ ಅದು ಹೆಚ್ಚು ಕಡಿಮೆ ನಕ್ಷತ್ರದ ಹಾಗಿರುತ್ತದೆ.

ಹೊಸಕಣ್ಣು:

ಹದಿನೆಂಟು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಅಮಾವಾಸ್ಯೆಯ ಮಾರನೆಯ ದಿನ ಊರ ಹೊರಗೆ ಹೋಗಿದ್ದೆ. ನಲವತ್ತು ನಿಮಿಷ ಏನೂ ಮಾಡದೆ ಕೂತೆ. ಮೊಬೈಲ್ ಚೀಲದ ತಳದಲ್ಲಿತ್ತು.

25ರ ಐಪೀಸಿನಲ್ಲಿ ಎಂ 42 ನೋಡಿದೆ. ಮೊದಲು ಅದೇ ಮಬ್ಬು. ನೋಟ ಪಕ್ಕಕ್ಕೆ ಸರಿಸಿದೆ. ಎರಡು ಕಡೆಗೂ ರೆಕ್ಕೆ ಚಾಚಿಕೊಂಡಿತು, ನಿಧಾನಕ್ಕೆ, ಯಾರೋ ತೆರೆ ಎಳೆದ ಹಾಗೆ. ಬಣ್ಣ ಇರಲಿಲ್ಲ, ಬೇಕು ಅನ್ನಿಸಲೂ ಇಲ್ಲ. ಆಮೇಲೆ 10ರ ಐಪೀಸಿನಲ್ಲಿ ನಡುವೆ ನಾಲ್ಕು ನಕ್ಷತ್ರ ಚಿಕ್ಕ ಚೌಕದ ಹಾಗೆ ನಿಂತಿದ್ದವು. ಮೊದಲಿನ ಮೂರು ರಾತ್ರಿ ಅದನ್ನು ಒಂದೇ ನಕ್ಷತ್ರ ಅಂದುಕೊಂಡಿದ್ದೆ. ಕೃತ್ತಿಕೆಯಲ್ಲಿ 51ರವರೆಗೆ ಎಣಿಸಿದೆ, ಆಮೇಲೆ ಲೆಕ್ಕ ತಪ್ಪಿತು. ಎಂ 41ರ ಕಿತ್ತಳೆ ನಕ್ಷತ್ರ ಕಂಡಿತು. ಎಂ 35ರ ಪಕ್ಕದ ಮಬ್ಬು ಇತ್ತು ಅಂತ ಅನ್ನಿಸುತ್ತದೆ, ಕೊಳವೆ ತಟ್ಟಿದಾಗ ಮಾತ್ರ. ಖಚಿತವಾಗಿ ಹೇಳಲಾರೆ.

ಚಿತ್ರ ಬಿಡಿಸಿದೆ. ಅದರಿಂದ ಒಂದು ಪ್ರಶ್ನೆ. ಎಂ 42ರಲ್ಲಿ ಆ ನಾಲ್ಕು ನಕ್ಷತ್ರಗಳ ಪಕ್ಕದಲ್ಲೇ, ಪ್ರಕಾಶದ ಭಾಗದೊಳಗೆ ಒಂದು ಕಪ್ಪು ಕೊರಕಲು ಇದೆ, ಕಚ್ಚಿ ತೆಗೆದ ಹಾಗೆ. ಅದರ ಆಚೆ ಇನ್ನೊಂದು ಚಿಕ್ಕ ಮಬ್ಬಿನ ಮಧ್ಯೆ ಒಂದು ನಕ್ಷತ್ರ. ಆ ಕೊರಕಲು ನಿಜವಾ, ಅಥವಾ ನನ್ನ ಕಣ್ಣಿನ ಭ್ರಮೆಯಾ?

ಕನ್ನಡಿ ತಿಕ್ಕುವವನು:

ನಿಜ. ನೋಡುವವರು ಅದನ್ನು ಮೀನಿನ ಬಾಯಿ ಅನ್ನುತ್ತಾರೆ. ಅಲ್ಲಿ ಅನಿಲ ಇಲ್ಲ ಅಂತಲ್ಲ, ಹೊಳೆಯುವ ಅನಿಲದ ಮುಂದೆ ದಟ್ಟ ಧೂಳಿನ ಮೋಡ ನಿಂತಿದೆ. ಆಚೆಯ ಚಿಕ್ಕ ಮಬ್ಬು ಎಂ 43, ಅದೂ ಅದೇ ದೊಡ್ಡ ಮೋಡದ ಭಾಗ, ಈ ಧೂಳಿನ ಪಟ್ಟಿ ಅಡ್ಡ ಬಂದಿದ್ದರಿಂದ ಬೇರೆ ಥರ ಕಾಣುತ್ತದೆ. ಆ ನಾಲ್ಕು ನಕ್ಷತ್ರಗಳು ಟ್ರಪೀಜಿಯಂ. ಇಡೀ ನೀಹಾರಿಕೆಯನ್ನು ಬೆಳಗಿಸುತ್ತಿರುವುದು ಮುಖ್ಯವಾಗಿ ಅವುಗಳಲ್ಲಿ ಅತಿ ಪ್ರಕಾಶದ್ದು. ಗಾಳಿ ಅಲುಗದ ರಾತ್ರಿ ಬಾರ್ಲೋ ಹಾಕಿ ಅಲ್ಲೇ ಐದನೆಯದಕ್ಕೆ ಹುಡುಕಿ.

ಕೃತ್ತಿಕೆಪ್ರಿಯೆ:

51! ಮತ್ತೆ ಎಂ 35ರ ಪಕ್ಕದ್ದು, ತಟ್ಟಿದಾಗ ಎರಡು ಮೂರು ಸಲ ಅದೇ ಜಾಗದಲ್ಲಿ ಕಂಡಿದ್ದರೆ ಅದು ಅದೇ. ಗುಚ್ಛದ ನೈರುತ್ಯ ಅಂಚಿನ ಹತ್ತಿರ ಇರಬೇಕು. ನಿಮ್ಮ ಚಿತ್ರದಲ್ಲಿ ಯಾವ ಕಡೆ ಗುರುತು ಹಾಕಿದ್ದೀರಿ? ನ್ಯೂಟೋನಿಯನ್‌ನಲ್ಲಿ ಎಲ್ಲ ತಲೆಕೆಳಗೆ ಇರುತ್ತದೆ, ಪುಸ್ತಕ ತಿರುಗಿಸಿ ನೋಡಿ ಹೇಳಿ.